ಅಮೆರಿಕದ ಚರಿತ್ರೆಯ ತಿರುವುಗಳನ್ನು ಮೂಲ ಕಾಗದದಲ್ಲೇ ಓದಲು: ನ್ಯಾಷನಲ್ ಆರ್ಕೈವ್ಸ್‌ನ ‘ಮೈಲ್‌ಸ್ಟೋನ್ ಡಾಕ್ಯುಮೆಂಟ್ಸ್’ ಸೇವೆಯ ವಿಮರ್ಶೆ

ಅಮೆರಿಕ ಸಂವಿಧಾನದ ಕೊನೆಯ ಹಾಳೆಯಲ್ಲಿ, ಸಹಿಗಳ ಎಡಬದಿಗೆ, ಸಣ್ಣ ಅಕ್ಷರದ ಒಂದು ಟಿಪ್ಪಣಿ ಇದೆ. ಮೊದಲ ಪುಟದ ಹದಿನೈದನೆಯ ಸಾಲಿನಲ್ಲಿ ‘ಮೂವತ್ತು’ ಎಂಬ ಪದದ ಒಂದು ಭಾಗ ಅಳಿಸಿದ ಜಾಗದ ಮೇಲೆ ಬರೆದದ್ದು ಎಂದು ಅದು ತಿಳಿಸುತ್ತದೆ. ಇದು ಲಿಪಿಕಾರನ ಕೈತಪ್ಪಲ್ಲ. 1787ರ ಸೆಪ್ಟೆಂಬರ್ 17, ಸಹಿ ಹಾಕುವ ದಿನ. 40,000 ಜನಕ್ಕೆ ಒಬ್ಬ ಪ್ರತಿನಿಧಿ ಎಂದು ಜೇಕಬ್ ಶ್ಯಾಲಸ್ ಅದಾಗಲೇ ಚರ್ಮಪತ್ರದ ಮೇಲೆ ಅಂದವಾಗಿ ಬರೆದು ಮುಗಿಸಿದ್ದರು. ಬೇಸಿಗೆಯುದ್ದಕ್ಕೂ ಸಂವಿಧಾನ ರಚನಾ ಸಭೆಯ ಅಧ್ಯಕ್ಷರ ಕುರ್ಚಿಯಲ್ಲಿ ಕೂತು ಚರ್ಚೆಗೆ ಬಾಯಿ ಹಾಕದಿದ್ದ ಜಾರ್ಜ್ ವಾಷಿಂಗ್ಟನ್ ಅಂದು ಮಾತಾಡಿ, ಆ ಸಂಖ್ಯೆ 30,000ಕ್ಕೆ ಇಳಿಯಬೇಕೆಂಬ ಸಲಹೆಯನ್ನು ಬೆಂಬಲಿಸಿದರು. ಸಭೆ ಒಪ್ಪಿತು. ಶಾಯಿ ಕೆರೆದು ಸಂಖ್ಯೆ ತಿದ್ದಿದರು. ಕಡಿಮೆ ಜನಕ್ಕೆ ಒಬ್ಬ ಪ್ರತಿನಿಧಿ ಎಂದರೆ ಸಭೆ ದೊಡ್ಡದಾಗುತ್ತದೆ, ಪ್ರತಿನಿಧಿ ಜನರಿಗೆ ಹತ್ತಿರವಾಗುತ್ತಾನೆ. ಅಚ್ಚಾದ ಸಂವಿಧಾನವನ್ನು ನೂರು ಸಲ ಓದಿದರೂ ಈ ಕೆರೆದ ಗುರುತು ಸಿಗುವುದಿಲ್ಲ. ಮೂಲ ಹಾಳೆಯ ಚಿತ್ರದಲ್ಲಿ ಸಿಗುತ್ತದೆ.

ಆ ಚಿತ್ರವನ್ನು ಯಾರು ಬೇಕಾದರೂ ದುಡ್ಡಿಲ್ಲದೆ ನೋಡಲು ಬಿಡುವ ಸೇವೆ ಅಮೆರಿಕ ಸರ್ಕಾರದ ದಾಖಲೆ ಭಂಡಾರವಾದ ನ್ಯಾಷನಲ್ ಆರ್ಕೈವ್ಸ್‌ನದು. ಹೆಸರು ‘ಮೈಲ್‌ಸ್ಟೋನ್ ಡಾಕ್ಯುಮೆಂಟ್ಸ್’. 2002ರಲ್ಲಿ ‘ಅವರ್ ಡಾಕ್ಯುಮೆಂಟ್ಸ್’ ಎಂಬ ಹೆಸರಿನಲ್ಲಿ ಪ್ರತ್ಯೇಕ ಜಾಲತಾಣವಾಗಿ ಶುರುವಾದ ಈ ಪಟ್ಟಿಯಲ್ಲಿ 1776ರಿಂದ 1965ರವರೆಗಿನ 100 ದಾಖಲೆಗಳಿದ್ದವು. ಈಗ ಅದು ಆರ್ಕೈವ್ಸ್‌ನ ಮುಖ್ಯ ಜಾಲತಾಣದೊಳಗೇ ಸೇರಿದೆ. ಹಳೆಯ ಪಠ್ಯಗಳಲ್ಲಿ, ಶಿಕ್ಷಕರ ಟಿಪ್ಪಣಿಗಳಲ್ಲಿ ಹಿಂದಿನ ವಿಳಾಸವೇ ಇನ್ನೂ ಉಳಿದಿರುವುದರಿಂದ, ಕೊಂಡಿ ಕೆಲಸ ಮಾಡದಿದ್ದರೆ ಗಾಬರಿಯಾಗದೆ ದಾಖಲೆಯ ಹೆಸರು ಹಾಕಿ ಹುಡುಕಿ. ಖಾತೆ ತೆರೆಯಬೇಕಿಲ್ಲ, ಶುಲ್ಕವಿಲ್ಲ. ಅಮೆರಿಕ ಕೇಂದ್ರ ಸರ್ಕಾರದ ದಾಖಲೆಗಳಿಗೆ ಕಾಪಿರೈಟ್ ಇಲ್ಲದ್ದರಿಂದ ಚಿತ್ರ ಇಳಿಸಿಕೊಂಡು ಪಾಠಕ್ಕೆ, ಲೇಖನಕ್ಕೆ ಬಳಸಬಹುದು.

ಪ್ರತಿ ದಾಖಲೆಯ ಪುಟದಲ್ಲೂ ಮುಖ್ಯವಾಗಿ ನಾಲ್ಕು ಭಾಗ: ದಾಖಲೆಯ ಚಿತ್ರ, ಅದು ಭಂಡಾರದ ಯಾವ ವಿಭಾಗದಲ್ಲಿದೆ ಎಂಬ ಉಲ್ಲೇಖ, ಹಿನ್ನೆಲೆ ಹೇಳುವ ಪೀಠಿಕೆ, ಕೈಬರಹವನ್ನು ಟೈಪ್ ಮಾಡಿದ ಪಠ್ಯ. ಹೆಚ್ಚಿನವರು ಪೀಠಿಕೆ ಓದಿ, ಚಿತ್ರದ ಮೇಲೊಮ್ಮೆ ಕಣ್ಣಾಡಿಸಿ ಮುಂದೆ ಹೋಗುತ್ತಾರೆ. ಹಾಗೆ ಓದುವುದಾದರೆ ಈ ಸೇವೆಯೇ ಬೇಡ, ಯಾವ ಸಾಮಾನ್ಯ ಇತಿಹಾಸ ಪುಸ್ತಕವಾದರೂ ಸಾಕು. ಟೈಪ್ ಮಾಡಿದ ಪಠ್ಯವನ್ನು ಒಂದು ಕಿಟಕಿಯಲ್ಲಿ, ಚಿತ್ರವನ್ನು ಪಕ್ಕದ ಕಿಟಕಿಯಲ್ಲಿ ಇಟ್ಟುಕೊಂಡು ಸಾಲಿಗೆ ಸಾಲು ಹೋಲಿಸಿ ಓದಿ, ಪೀಠಿಕೆ ಕೊನೆಗಿರಲಿ. ಕೈಬರಹ ಮೊದಲ ಹತ್ತು ಸಾಲು ಒಗಟಿನಂತೆ ಕಾಣುತ್ತದೆ, ಆಮೇಲೆ ಕಣ್ಣು ಪಳಗುತ್ತದೆ. ಮೊಬೈಲಿನಲ್ಲಿ ಈ ಕೆಲಸ ಆಗುವುದಿಲ್ಲ. ಹಿಗ್ಗಿಸಿದರೆ ಸಾಲು ತಪ್ಪುತ್ತದೆ, ಕುಗ್ಗಿಸಿದರೆ ಅಕ್ಷರ ಕಾಣುವುದಿಲ್ಲ. ಕಂಪ್ಯೂಟರ್ ಪರದೆ ಬೇಕು, ಇಲ್ಲವಾದರೆ ಪುಟವನ್ನು ಪ್ರಿಂಟ್ ತೆಗೆದುಕೊಳ್ಳಬೇಕು.

ಈ ಸೇವೆ ಬಳಸುವವರು ಮೊದಲು ಎಡವುವುದು ತಾರೀಖಿನಲ್ಲಿ. ತಿರುವು ಎಂದರೆ ಒಂದು ದಿನದಲ್ಲಿ ಆಗಿಬಿಡುವಂಥದ್ದು ಎಂಬ ನಂಬಿಕೆಯಿಂದ ಬರುವ ತೊಡಕು ಇದು. ಸ್ವಾತಂತ್ರ್ಯ ಘೋಷಣೆಯನ್ನೇ ನೋಡಿ. ರಿಚರ್ಡ್ ಹೆನ್ರಿ ಲೀ ಅವರ ನಿರ್ಣಯ ವಸಾಹತುಗಳ ಸಭೆಯ ಮುಂದೆ ಬಂದದ್ದು 1776ರ ಜೂನ್ 7ಕ್ಕೆ. ಬ್ರಿಟನ್ನಿನಿಂದ ಬೇರೆಯಾಗುವ ಆ ನಿರ್ಣಯಕ್ಕೆ ಮತ ಬಿದ್ದದ್ದು ಜುಲೈ 2ಕ್ಕೆ. ಘೋಷಣೆಯ ಪಠ್ಯಕ್ಕೆ ಒಪ್ಪಿಗೆ ಸಿಕ್ಕಿದ್ದು ಜುಲೈ 4ಕ್ಕೆ. ನ್ಯೂಯಾರ್ಕ್ ಅಂದು ಮತ ಹಾಕಿರಲಿಲ್ಲ. ಅದರ ಒಪ್ಪಿಗೆ ಬಂದದ್ದು ಜುಲೈ 9ಕ್ಕೆ. ಅದಕ್ಕೇ ಜುಲೈ 4ರ ರಾತ್ರಿ ಜಾನ್ ಡನ್‌ಲ್ಯಾಪ್ ಅಚ್ಚು ಹಾಕಿದ ಹಾಳೆಯ ತಲೆಬರಹದಲ್ಲಿ ‘ಸರ್ವಾನುಮತ’ ಎಂಬ ಮಾತಿಲ್ಲ. ಆಮೇಲೆ ಚರ್ಮಪತ್ರದ ಮೇಲೆ ಬರೆದ ಪ್ರತಿಯಲ್ಲಿ ಇದೆ. ಬಹುಪಾಲು ಸದಸ್ಯರು ಸಹಿ ಹಾಕಿದ್ದು ಆಗಸ್ಟ್ 2ಕ್ಕೆ. ಒಟ್ಟು 56 ಸಹಿಗಳು. ಜುಲೈ 4ರಂದು ಎಲ್ಲರೂ ಒಂದೇ ಕೋಣೆಯಲ್ಲಿ ಸಾಲುಗಟ್ಟಿ ಸಹಿ ಮಾಡಿದರು ಎಂಬ ಕಲ್ಪನೆಯನ್ನು ಬಿಡಿಸಲು ಲೀ ನಿರ್ಣಯದ ಪುಟ, ಘೋಷಣೆಯ ಪುಟ ಎರಡನ್ನೂ ಒಟ್ಟಿಗೆ ತೆರೆದರೆ ಸಾಕು. ಲೀ ನಿರ್ಣಯಕ್ಕೆ ಪ್ರತ್ಯೇಕ ಪುಟ ಕೊಟ್ಟಿರುವುದು ಈ ಪಟ್ಟಿ ಮಾಡಿದವರ ಒಳ್ಳೆಯ ತೀರ್ಮಾನಗಳಲ್ಲೊಂದು.

ಘೋಷಣೆಯ ಚಿತ್ರದಲ್ಲಿ ಇನ್ನೊಂದು ಗೊಂದಲವಿದೆ. ಮೂಲ ಹಾಳೆಯ ಶಾಯಿ ಎಷ್ಟು ಮಾಸಿದೆ ಎಂದರೆ ಬಹಳಷ್ಟು ಕಡೆ ಅಕ್ಷರವೇ ಕಾಣುವುದಿಲ್ಲ. ಪಠ್ಯಪುಸ್ತಕಗಳಲ್ಲಿ, ಉಡುಗೊರೆ ಅಂಗಡಿಗಳಲ್ಲಿ ಕಾಣುವ ಗಾಢ ಅಕ್ಷರದ ಪ್ರತಿ ಮೂಲವಲ್ಲ. ಅದು ಜಾನ್ ಕ್ವಿನ್ಸಿ ಆಡಮ್ಸ್ ವಿದೇಶಾಂಗ ಕಾರ್ಯದರ್ಶಿಯಾಗಿದ್ದಾಗ ವಿಲಿಯಂ ಸ್ಟೋನ್ ತಾಮ್ರದ ಹಲಗೆಯಲ್ಲಿ ಕೆತ್ತಿ 1823ರಲ್ಲಿ ಮುಗಿಸಿದ ಪಡಿಯಚ್ಚು. ಆರ್ಕೈವ್ಸ್ ಈ ವಿಷಯದಲ್ಲಿ ಪ್ರಾಮಾಣಿಕವಾಗಿದೆ: ಟೈಪ್ ಮಾಡಿದ ಪಠ್ಯ ಸ್ಟೋನ್ ಕೆತ್ತನೆಯನ್ನು ಆಧರಿಸಿದೆ ಎಂದು ಬಾಯಿಬಿಟ್ಟು ಹೇಳುತ್ತದೆ. ಪಾಠಕ್ಕೆ ಚಿತ್ರ ಇಳಿಸಿಕೊಳ್ಳುವವರು ಯಾವುದನ್ನು ಇಳಿಸಿದ್ದೇವೆ ಎಂದು ಕೆಳಗೆ ಬರೆದಿಡುವುದು ಒಳ್ಳೆಯದು.

ಸಂವಿಧಾನ ತಿದ್ದುಪಡಿಗಳ ಪುಟಗಳಲ್ಲಿ ತಾರೀಖಿನ ತೊಡಕು ಇನ್ನೂ ಹೆಚ್ಚು. ತಲೆಬರಹದಲ್ಲಿರುವುದು ರಾಜ್ಯಗಳ ಅನುಮೋದನೆ ಪೂರ್ತಿಯಾದ ವರ್ಷ. ಚಿತ್ರದಲ್ಲಿರುವ ಹಾಳೆ ಅದಕ್ಕೂ ಮೊದಲು ಅಮೆರಿಕದ ಸಂಸತ್ತಾದ ಕಾಂಗ್ರೆಸ್ ಹೊರಡಿಸಿದ ಜಂಟಿ ನಿರ್ಣಯ. ಹುಟ್ಟಿನಿಂದ ಪೌರತ್ವ ಕೊಟ್ಟ 14ನೆಯ ತಿದ್ದುಪಡಿ 1868ರದು ಎಂದು ತಲೆಬರಹ ಹೇಳುತ್ತದೆ. ಕಾಂಗ್ರೆಸ್ ಅದನ್ನು ಒಪ್ಪಿದ್ದು 1866ರ ಜೂನ್‌ನಲ್ಲಿ. ಹೆಂಗಸರಿಗೆ ಮತದ ಹಕ್ಕು ಕೊಟ್ಟ 19ನೆಯ ತಿದ್ದುಪಡಿ 1919ರ ಜೂನ್ 4ಕ್ಕೆ ಕಾಂಗ್ರೆಸ್ ದಾಟಿ, 1920ರ ಆಗಸ್ಟ್ 18ಕ್ಕೆ ಟೆನೆಸ್ಸೀ ರಾಜ್ಯದ ಒಪ್ಪಿಗೆಯಿಂದ ಪೂರ್ತಿಯಾಗಿ, ಆಗಸ್ಟ್ 26ಕ್ಕೆ ಪ್ರಮಾಣೀಕೃತವಾಯಿತು. ಒಂದೇ ತಿದ್ದುಪಡಿಗೆ ಬೇರೆಬೇರೆ ಪುಸ್ತಕಗಳು ಬೇರೆಬೇರೆ ವರ್ಷ ಕೊಡುವುದು ಇದಕ್ಕೇ. ಕಾಲಾನುಕ್ರಮಣಿಕೆ ಮಾಡುವವರು ಕಾಂಗ್ರೆಸ್ ಒಪ್ಪಿದ ದಿನ, ರಾಜ್ಯಗಳ ಅನುಮೋದನೆ ಮುಗಿದ ದಿನ ಎಂದು ಎರಡು ಕಾಲಂ ಹಾಕಿಕೊಳ್ಳಿ.

ಅಲಾಸ್ಕಾ ಕೊಳ್ಳಲು ಕೊಟ್ಟ ಚೆಕ್ಕಿನ ಪುಟವೂ ಇದೇ ಜಾತಿಯದು. ರಷ್ಯಾದ ಜೊತೆ ಒಪ್ಪಂದಕ್ಕೆ ಸಹಿ ಬಿದ್ದದ್ದು 1867ರ ಮಾರ್ಚ್ 30ಕ್ಕೆ. ಅಕ್ಟೋಬರ್ 18ಕ್ಕೆ ಸಿಟ್ಕಾದಲ್ಲಿ ಅಮೆರಿಕದ ಬಾವುಟ ಏರಿತು. 72 ಲಕ್ಷ ಡಾಲರಿನ ಚೆಕ್ಕಿನ ಮೇಲಿರುವ ತಾರೀಖು 1868ರ ಆಗಸ್ಟ್ 1. ಒಪ್ಪಂದಕ್ಕೆ ಸೆನೆಟ್ಟಿನ ಒಪ್ಪಿಗೆ ಸಾಕಾಗಿತ್ತು, ದುಡ್ಡು ಬಿಡುಗಡೆಗೆ ಮಾತ್ರ ಪ್ರತಿನಿಧಿ ಸಭೆಯ ಒಪ್ಪಿಗೆ ಬೇಕಿತ್ತು, ಅದು ತಡ ಮಾಡಿತು. ಖಜಾನೆಯ ಬೀಗದ ಕೈ ಯಾರ ಹತ್ತಿರ ಇರುತ್ತದೆ ಎಂಬ ಸಂವಿಧಾನದ ಪಾಠವನ್ನು ಒಂದು ಚೆಕ್ಕಿನಷ್ಟು ಚೆನ್ನಾಗಿ ಬೇರೆ ಯಾವುದೂ ಕಲಿಸುವುದಿಲ್ಲ.

ಹಕ್ಕುಗಳ ಮಸೂದೆಯ ಪುಟ ತೆರೆದು ಎಣಿಸಿದವರಿಗೆ ಲೆಕ್ಕ ತಪ್ಪಿದಂತೆ ಅನಿಸುತ್ತದೆ. ಎಲ್ಲರೂ ಹತ್ತು ತಿದ್ದುಪಡಿ ಎನ್ನುತ್ತಾರೆ, ಹಾಳೆಯಲ್ಲಿ ಹನ್ನೆರಡು ಇವೆ. 1789ರ ಸೆಪ್ಟೆಂಬರ್‌ನಲ್ಲಿ ಕಾಂಗ್ರೆಸ್ ರಾಜ್ಯಗಳಿಗೆ ಕಳಿಸಿದ್ದೇ ಹನ್ನೆರಡು. 1791ರ ಡಿಸೆಂಬರ್ 15ರ ಹೊತ್ತಿಗೆ ಮೂರರಿಂದ ಹನ್ನೆರಡರವರೆಗಿನವು ಪಾಸಾದವು. ಹಾಗಾಗಿ ಮಾತಿನ, ಧರ್ಮದ, ಪತ್ರಿಕೆಯ ಸ್ವಾತಂತ್ರ್ಯ ಕೊಡುವ ಮೊದಲನೆಯ ತಿದ್ದುಪಡಿ ಈ ಹಾಳೆಯಲ್ಲಿ ಮೂರನೆಯ ಕಲಂ. ‘ಸಂವಿಧಾನ ಬರೆದವರು ಅದನ್ನೇ ಎಲ್ಲಕ್ಕಿಂತ ಮೊದಲು ಇಟ್ಟರು’ ಎಂದು ಭಾಷಣಗಳಲ್ಲಿ ಕೇಳಿಬರುವ ಮಾತು ಇಲ್ಲಿಗೆ ಬಿದ್ದುಹೋಗುತ್ತದೆ. ಕಾಂಗ್ರೆಸ್ ಸದಸ್ಯರ ಸಂಬಳದ ಬಗ್ಗೆ ಇದ್ದ ಎರಡನೆಯ ಕಲಂ ಇನ್ನೂರು ವರ್ಷ ನೇತಾಡಿ 1992ರಲ್ಲಿ 27ನೆಯ ತಿದ್ದುಪಡಿಯಾಯಿತು. ಪ್ರತಿನಿಧಿಗಳ ಸಂಖ್ಯೆಯ ಬಗೆಗಿನ ಮೊದಲನೆಯದು ಇಂದಿಗೂ ಪಾಸಾಗಿಲ್ಲ.

ಸಂವಿಧಾನದ ಟೈಪ್ ಪಠ್ಯದಲ್ಲಿ ಒಂದು ಒಳ್ಳೆಯ ಸೌಲಭ್ಯವಿದೆ: ಮುಂದೆ ತಿದ್ದುಪಡಿಯಾದ ಅಥವಾ ರದ್ದಾದ ಭಾಗಗಳಿಗೆ ಕೊಂಡಿ ಹಾಕಿದ್ದಾರೆ. ಒತ್ತಿದರೆ ಯಾವ ತಿದ್ದುಪಡಿ ಅದನ್ನು ಬದಲಿಸಿತು ಎಂದು ತಿಳಿಯುತ್ತದೆ. ಮೊದಲ ವಿಧಿಯಲ್ಲೇ ‘ಇತರ ಎಲ್ಲ ವ್ಯಕ್ತಿಗಳ ಐದರಲ್ಲಿ ಮೂರು ಭಾಗ’ ಎಂಬ ಮಾತು ಬರುತ್ತದೆ. ಯಾರು ಆ ಇತರ ವ್ಯಕ್ತಿಗಳು? ಗುಲಾಮರು. ದಕ್ಷಿಣದ ರಾಜ್ಯಗಳಿಗೆ ಪ್ರತಿನಿಧಿಗಳನ್ನು ಲೆಕ್ಕ ಹಾಕುವಾಗ ಅವರನ್ನು ಎಣಿಸಬೇಕು, ಮತ ಮಾತ್ರ ಕೊಡಬಾರದು. 1787ರ ಹಾಳೆಗಳಲ್ಲಿ ‘ಗುಲಾಮ’ ಎಂಬ ಪದ ಎಲ್ಲೂ ಇಲ್ಲ. ಪಠ್ಯದಲ್ಲಿ ಆ ಪದ ಹಾಕಿ ಹುಡುಕಿದವರಿಗೆ ಮೊದಲ ಸಲ ಸಿಗುವುದು ಗುಲಾಮಗಿರಿ ರದ್ದಾದ 13ನೆಯ ತಿದ್ದುಪಡಿಯಲ್ಲಿ.

ಇದನ್ನು ನೆನಪಿಟ್ಟುಕೊಂಡು 1942ರ ಫೆಬ್ರುವರಿ 19ರ 9066ನೆಯ ಅಧ್ಯಕ್ಷೀಯ ಆದೇಶದ ಪುಟಕ್ಕೆ ಹೋಗಿ. ಅದರಲ್ಲಿ ‘ಜಪಾನೀ’ ಎಂಬ ಪದವೇ ಇಲ್ಲ. ಸೇನೆ ಗುರುತಿಸಿದ ಪ್ರದೇಶಗಳಿಂದ ‘ಯಾರನ್ನಾದರೂ ಅಥವಾ ಎಲ್ಲರನ್ನೂ’ ಹೊರಹಾಕಬಹುದು ಎಂದಷ್ಟೇ ಇದೆ. ಆ ಒಣ ವಾಕ್ಯದ ಬಲದಿಂದ ಪಶ್ಚಿಮ ಕರಾವಳಿಯ ಸುಮಾರು 1,20,000 ಜಪಾನೀ ಮೂಲದವರನ್ನು ಶಿಬಿರಗಳಿಗೆ ತಳ್ಳಿದರು. ಮೂರರಲ್ಲಿ ಎರಡು ಪಾಲು ಜನ ಅಮೆರಿಕದ ಪೌರರೇ. ಸರ್ಕಾರ ಕ್ಷಮೆ ಕೇಳಿ, ಬದುಕುಳಿದ ಪ್ರತಿಯೊಬ್ಬರಿಗೆ 20,000 ಡಾಲರ್ ಪರಿಹಾರದ ಕಾನೂನು ಮಾಡಿದ್ದು 1988ರಲ್ಲಿ. ಸಂವಿಧಾನಕ್ಕೂ ಈ ಆದೇಶಕ್ಕೂ ನಡುವೆ 155 ವರ್ಷ. ಕಾಗದದಲ್ಲಿ ಏನಿದೆ ಎಂಬಷ್ಟೇ ಏನನ್ನು ಬರೆಯಲಿಲ್ಲ ಎಂಬುದೂ ಮುಖ್ಯ ಎಂದು ತಿಳಿಯಲು ಇವೆರಡನ್ನು ಜೋಡಿಸಿ ಓದಬೇಕು. ಈ ಪುಟಗಳ ನಡುವೆ ಆರ್ಕೈವ್ಸ್ ಒಂದು ಕೊಂಡಿ ಹಾಕಿದ್ದರೆ ಎಷ್ಟು ಚೆನ್ನಾಗಿತ್ತು! ಪಟ್ಟಿ ಕಾಲಕ್ರಮದಲ್ಲಿದೆ, ಸಂಬಂಧ ಹುಡುಕುವ ಹೊಣೆ ಓದುಗರದೇ. ಈ ಸೇವೆಯ ದೊಡ್ಡ ಕೊರತೆ ಇದು.

ಆ ಕೊರತೆಯನ್ನು ತುಂಬಿಕೊಳ್ಳುವ ದಾರಿ ಎಂದರೆ ಒಂದು ಪ್ರಶ್ನೆ ಹಿಡಿದು ನಾಲ್ಕೈದು ಪುಟಗಳನ್ನು ಸರಪಳಿಯಂತೆ ಓದುವುದು. ಅಂತರ್ಯುದ್ಧದ ಸರಪಳಿಯಿಂದ ಶುರು ಮಾಡುವವರಿಗೆ ಸಿಗುವಷ್ಟು ಬೇರೆ ಎಲ್ಲೂ ಸಿಗುವುದಿಲ್ಲ. 1820ರ ಮಿಸೌರಿ ರಾಜಿ ನಕ್ಷೆಯ ಮೇಲೆ 36 ಡಿಗ್ರಿ 30 ನಿಮಿಷದ ಗೆರೆ ಎಳೆಯಿತು: ಫ್ರಾನ್ಸಿನಿಂದ ಕೊಂಡ ‘ಲೂಸಿಯಾನಾ ಖರೀದಿ’ಯ ನೆಲದಲ್ಲಿ, ಮಿಸೌರಿಯನ್ನು ಬಿಟ್ಟು, ಗೆರೆಯ ಉತ್ತರಕ್ಕೆ ಗುಲಾಮಗಿರಿ ಇಲ್ಲ. ಮುಂದಿನದು 1850ರ ರಾಜಿ. ಇಲ್ಲಿ ಎಚ್ಚರ ಬೇಕು. ಚಿತ್ರದಲ್ಲಿರುವುದು ಹೆನ್ರಿ ಕ್ಲೇ ಜನವರಿಯಲ್ಲಿ ಮಂಡಿಸಿದ ನಿರ್ಣಯ, ಪಾಸಾದ ಕಾನೂನಲ್ಲ. ಎಲ್ಲವನ್ನೂ ಒಂದೇ ಕಟ್ಟಾಗಿ ದಾಟಿಸುವ ಯತ್ನ ಸೋತ ಮೇಲೆ ಸ್ಟೀಫನ್ ಡಗ್ಲಸ್ ಅದನ್ನು ಐದು ಬೇರೆ ಕಾನೂನುಗಳಾಗಿ ಬಿಡಿಸಿ ಸೆಪ್ಟೆಂಬರ್‌ನಲ್ಲಿ ಪಾಸು ಮಾಡಿಸಿದರು. ಆ ಐದರಲ್ಲಿ ಓಡಿಹೋದ ಗುಲಾಮರನ್ನು ಹಿಡಿದುಕೊಡುವ ಕಾನೂನನ್ನು ಬಿಡದೆ ಓದಿ. ಹಿಡಿದು ತಂದವರನ್ನು ಒಡೆಯನಿಗೆ ಒಪ್ಪಿಸಿದರೆ ವಿಚಾರಣೆ ಮಾಡುವ ಕಮಿಷನರಿಗೆ 10 ಡಾಲರ್ ಶುಲ್ಕ, ಬಿಟ್ಟುಕಳಿಸಿದರೆ 5 ಡಾಲರ್. ಓಡಿಹೋಗುವವರಿಗೆ ನೆರವಾದವರಿಗೆ 1,000 ಡಾಲರ್‌ವರೆಗೆ ದಂಡ, ಆರು ತಿಂಗಳವರೆಗೆ ಜೈಲು. ಗುಲಾಮಗಿರಿ ದೂರದ ದಕ್ಷಿಣದ ಸಂಗತಿ ಎಂದು ಸುಮ್ಮನಿದ್ದ ಉತ್ತರದವರ ಮನೆಬಾಗಿಲಿಗೆ ಈ ಕಾನೂನು ಅದನ್ನು ತಂದು ನಿಲ್ಲಿಸಿತು. ಉತ್ತರ ಕೆರಳಿದ್ದು ಏಕೆ ಎಂಬುದಕ್ಕೆ ಆ 10 ಮತ್ತು 5ರ ವ್ಯತ್ಯಾಸ ನೋಡಿದರೆ ಸಾಕು.

1854ರ ಕಾನ್ಸಸ್-ನೆಬ್ರಾಸ್ಕಾ ಕಾಯ್ದೆ 1820ರ ಗೆರೆಯನ್ನು ಅಳಿಸಿತು. ಸುಪ್ರೀಂ ಕೋರ್ಟಿನ 1857ರ ಡ್ರೆಡ್ ಸ್ಕಾಟ್ ತೀರ್ಪು, ಒಕ್ಕೂಟದ ನೆಲದಲ್ಲಿ ಗುಲಾಮಗಿರಿ ತಡೆಯುವ ಅಧಿಕಾರವೇ ಕಾಂಗ್ರೆಸ್‌ಗಿಲ್ಲ, ಕಪ್ಪು ಜನ ಪೌರರಾಗಲಾರರು ಎಂದಿತು. ಅಲ್ಲಿಗೆ ರಾಜಿಗೆ ಜಾಗವೇ ಉಳಿಯಲಿಲ್ಲ. ಅಂತರ್ಯುದ್ಧ ಶುರುವಾದ ಫೋರ್ಟ್ ಸಮ್ಟರ್ ಕೋಟೆ ಶರಣಾದ ಸುದ್ದಿಯ 1861ರ ತಂತಿಯನ್ನು ಈ ನಾಲ್ಕು ಪುಟಗಳ ನಂತರ ತೆರೆದರೆ ಅದು ಆಕಸ್ಮಿಕ ಸಿಡಿಲಿನಂತೆ ಕಾಣುವುದಿಲ್ಲ.

ವಿಮೋಚನಾ ಘೋಷಣೆಯ ಪುಟ ಈ ಸೇವೆಯಲ್ಲೇ ಅತ್ಯಂತ ತಪ್ಪಾಗಿ ಓದಿಸಿಕೊಳ್ಳುವ ಪುಟ. 1863ರ ಜನವರಿ 1ರಂದು ಲಿಂಕನ್ ಗುಲಾಮರನ್ನೆಲ್ಲ ಬಿಡಿಸಿದರು ಎಂಬ ಒಂದು ಸಾಲಿನ ಉತ್ತರ ಪರೀಕ್ಷೆಗೆ ಸಾಕಾಗಬಹುದು, ದಾಖಲೆ ಹಾಗೆ ಹೇಳುವುದಿಲ್ಲ. ಐದು ಪುಟದ ಕೈಬರಹದಲ್ಲಿ ಹತ್ತು ರಾಜ್ಯಗಳ ಹೆಸರಿದೆ. ಲೂಸಿಯಾನಾದ ಹೆಸರಿನ ಪಕ್ಕದಲ್ಲೇ 13 ಪ್ಯಾರಿಷ್‌ಗಳಿಗೆ (ಅಲ್ಲಿಯ ಜಿಲ್ಲೆಗಳಿಗೆ) ವಿನಾಯಿತಿ. ಪಶ್ಚಿಮ ವರ್ಜೀನಿಯಾದ 48 ಕೌಂಟಿಗಳಿಗೆ, ವರ್ಜೀನಿಯಾದ ಇನ್ನೂ ಏಳು ಕೌಂಟಿಗಳಿಗೆ ವಿನಾಯಿತಿ. ಟೆನೆಸ್ಸೀ ಹೆಸರೇ ಇಲ್ಲ. ಒಕ್ಕೂಟದಲ್ಲೇ ಉಳಿದಿದ್ದ ಕೆಂಟಕಿ, ಮಿಸೌರಿ, ಮೇರಿಲ್ಯಾಂಡ್, ಡೆಲಾವೇರ್ ಕೂಡ ಇಲ್ಲ. ಕಾರಣವೂ ದಾಖಲೆಯಲ್ಲೇ ಇದೆ: ಲಿಂಕನ್ ಇದನ್ನು ಹೊರಡಿಸಿದ್ದು ಸೇನಾಧಿಪತಿಯ ಅಧಿಕಾರದಿಂದ, ದಂಗೆಯನ್ನು ಅಡಗಿಸುವ ಯುದ್ಧಕ್ರಮವಾಗಿ. ದಂಗೆ ಇಲ್ಲದ ಕಡೆ ಆ ಅಧಿಕಾರ ನಡೆಯುತ್ತಿರಲಿಲ್ಲ. ಹಾಗೆಂದು ಇದು ಬರಿಯ ಕಾಗದ ಎಂದು ತಳ್ಳಿಹಾಕುವವರೂ ಕೊನೆಯ ಭಾಗ ಓದಿರುವುದಿಲ್ಲ. ಬಿಡುಗಡೆಯಾದವರನ್ನು ಸೇನೆಗೆ ಸೇರಿಸಿಕೊಳ್ಳುವ ಮಾತು ಅಲ್ಲಿದೆ. ಅದನ್ನು ಜಾರಿಗೆ ತಂದ 1863ರ ಮೇ 22ರ ಯುದ್ಧ ಇಲಾಖೆಯ 143ನೆಯ ಸಾಮಾನ್ಯ ಆದೇಶಕ್ಕೂ ಪಟ್ಟಿಯಲ್ಲಿ ಒಂದು ಪುಟವಿದೆ. ಯುದ್ಧ ಮುಗಿಯುವ ಹೊತ್ತಿಗೆ ಸುಮಾರು 1,79,000 ಕಪ್ಪು ಸೈನಿಕರು ಒಕ್ಕೂಟದ ಭೂಸೇನೆಯಲ್ಲಿ ದುಡಿದಿದ್ದರು. ಎರಡನ್ನೂ ಓದಿದ ಮೇಲೆ 1865ರ 13ನೆಯ ತಿದ್ದುಪಡಿಗೆ ಬನ್ನಿ. ದೇಶವ್ಯಾಪಿಯಾಗಿ ಗುಲಾಮಗಿರಿ ಕೊನೆಗೊಳಿಸಿದ್ದು ಇದು. ಕೇವಲ ಎರಡು ಸೆಕ್ಷನ್. ಮೊದಲನೆಯದರಲ್ಲೇ ‘ಅಪರಾಧಕ್ಕೆ ಶಿಕ್ಷೆಯಾಗಿ ಹೊರತು’ ಎಂಬ ವಿನಾಯಿತಿ. ಯುದ್ಧದ ನಂತರ ದಕ್ಷಿಣದಲ್ಲಿ ಕೈದಿಗಳನ್ನು ಗಣಿಗೆ, ತೋಟಕ್ಕೆ, ರೈಲ್ವೆ ಕೆಲಸಕ್ಕೆ ಬಾಡಿಗೆಗೆ ಕೊಡುವ ಪದ್ಧತಿ ಬೆಳೆದದ್ದು ಈ ಸಂದಿನಲ್ಲಿ. ಪೀಠಿಕೆಯಲ್ಲಿ ನಿಲ್ಲದೆ ಮೂಲ ವಾಕ್ಯ ಓದಿದವರಿಗೆ ಮಾತ್ರ ಆ ಸಂದು ಕಣ್ಣಿಗೆ ಬೀಳುತ್ತದೆ.

ಗೆಟಿಸ್‌ಬರ್ಗ್ ಭಾಷಣದ ಪಠ್ಯಕ್ಕೆ ಬಂದಾಗ ಒಂದು ಸಣ್ಣ ಸೂಚನೆ. ಲಿಂಕನ್ ಕೈಬರಹದ ಐದು ಪ್ರತಿಗಳಿವೆ, ಪದಗಳು ಅಲ್ಲಲ್ಲಿ ಬೇರೆ. ‘ದೇವರ ಅಡಿಯಲ್ಲಿ’ ಎಂಬ ಮಾತು ಲೈಬ್ರರಿ ಆಫ್ ಕಾಂಗ್ರೆಸ್‌ನಲ್ಲಿರುವ, ಲಿಂಕನ್‌ರ ಕಾರ್ಯದರ್ಶಿಗಳಾದ ನಿಕೊಲೇ ಮತ್ತು ಹೇ ಅವರ ಹೆಸರಿನ ಎರಡು ಪ್ರತಿಗಳಲ್ಲಿ ಇಲ್ಲ, ಉಳಿದ ಮೂರರಲ್ಲಿ ಇದೆ. ಎರಡು ಕಡೆಯ ಪಠ್ಯ ಹೋಲಿಸಿ ತಪ್ಪು ಹುಡುಕುವ ಮೊದಲು ಯಾವ ಪ್ರತಿ ಎಂದು ನೋಡಿ.

ನೆಲದ ಸರಪಳಿ ಇನ್ನೊಂದು. ಹೋಮ್‌ಸ್ಟೆಡ್ ಕಾಯ್ದೆ, ಪೆಸಿಫಿಕ್ ರೈಲ್ವೆ ಕಾಯ್ದೆ, ಕೃಷಿ ಕಾಲೇಜುಗಳಿಗೆ ಜಮೀನು ಕೊಟ್ಟ ಮೊರಿಲ್ ಕಾಯ್ದೆ ಮೂರೂ 1862ರವು. ಯುದ್ಧ ನಡೆಯುತ್ತಿರುವಾಗಲೇ ಇವು ಪಾಸಾದದ್ದಕ್ಕೆ ಮುಖ್ಯ ಕಾರಣ, ಅಡ್ಡ ಹಾಕುತ್ತಿದ್ದ ದಕ್ಷಿಣದ ಸದಸ್ಯರು ಕಾಂಗ್ರೆಸ್ ಬಿಟ್ಟುಹೋಗಿದ್ದರು. ಹೋಮ್‌ಸ್ಟೆಡ್ ಕಾಯ್ದೆಯಲ್ಲಿ 160 ಎಕರೆ, ಐದು ವರ್ಷ ಅಲ್ಲೇ ವಾಸವಿದ್ದು ಉಳುಮೆ ಮಾಡಿದರೆ ಹಕ್ಕುಪತ್ರ. ಆ ನೆಲದ ಮೇಲೆ ಅದಾಗಲೇ ಯಾರಿದ್ದರು ಎಂದು ಕಾಯ್ದೆ ಹೇಳುವುದಿಲ್ಲ; 1868ರ ಫೋರ್ಟ್ ಲಾರಮಿ ಒಪ್ಪಂದದ ಪುಟ ಹೇಳುತ್ತದೆ. ಬ್ಲ್ಯಾಕ್ ಹಿಲ್ಸ್ ಬೆಟ್ಟಗಳು ‘ಸೂ’ ಎಂಬ ಮೂಲನಿವಾಸಿ ಬುಡಕಟ್ಟಿನ ಜನರವು ಎಂದು ಬರೆದು ಸಹಿ ಹಾಕಿದ ಸರ್ಕಾರ, 1874ರಲ್ಲಿ ಅಲ್ಲಿ ಚಿನ್ನ ಸಿಕ್ಕಿದ ಮೇಲೆ 1877ರಲ್ಲಿ ಕಿತ್ತುಕೊಂಡಿತು. 1980ರಲ್ಲಿ ಸುಪ್ರೀಂ ಕೋರ್ಟ್ ಪರಿಹಾರ ಕೊಡಬೇಕೆಂದಾಗ ಸೂ ಜನ ದುಡ್ಡು ಮುಟ್ಟಲಿಲ್ಲ, ಬೆಟ್ಟವೇ ಬೇಕೆಂದರು. ನಂತರ 1887ರ ಡಾವ್ಸ್ ಕಾಯ್ದೆ: ಬುಡಕಟ್ಟಿನ ಒಟ್ಟು ಜಮೀನನ್ನು ಒಡೆದು ಕುಟುಂಬದ ಯಜಮಾನನಿಗೆ 160 ಎಕರೆ, 18 ದಾಟಿದ ಒಂಟಿ ವ್ಯಕ್ತಿಗೆ 80, ಚಿಕ್ಕವರಿಗೆ 40, ಮಿಕ್ಕಿದ್ದನ್ನು ಹೊರಗಿನವರಿಗೆ ಮಾರಲು ದಾರಿ. 1887ರಲ್ಲಿ ಬುಡಕಟ್ಟುಗಳ ಕೈಯಲ್ಲಿದ್ದ 13.8 ಕೋಟಿ ಎಕರೆ 1934ರ ಹೊತ್ತಿಗೆ 4.8 ಕೋಟಿಗೆ ಇಳಿಯಿತು. ಹೋಮ್‌ಸ್ಟೆಡ್‌ನ 160, ಡಾವ್ಸ್‌ನ 160 ಒಂದೇ ಅಳತೆ. ಒಬ್ಬರಿಗೆ ಅದು ಬಂದದ್ದು, ಇನ್ನೊಬ್ಬರಿಗೆ ಉಳಿದದ್ದು.

ವಸಾಹತು ಕಾಲದ ಓದುಗರಿಗೆ ಈ ಸೇವೆ ನಿರಾಸೆ ಮಾಡುತ್ತದೆ. ಪಟ್ಟಿ 1776ಕ್ಕೆ ಶುರು. ಜೇಮ್ಸ್‌ಟೌನ್ ನೆಲೆಯಾದ 1607, ವರ್ಜೀನಿಯಾದಲ್ಲಿ ಪ್ರತಿನಿಧಿಗಳ ಮೊದಲ ಸಭೆ ಸೇರಿದ ಮತ್ತು ಅದೇ ಬೇಸಿಗೆಯಲ್ಲಿ ಸೆರೆಸಿಕ್ಕ ಆಫ್ರಿಕನ್ನರನ್ನು ಪಾಯಿಂಟ್ ಕಂಫರ್ಟ್‌ನಲ್ಲಿ ಇಳಿಸಿದ 1619, ಮಗುವಿನ ಗುಲಾಮತನವನ್ನು ತಾಯಿಯ ಸ್ಥಿತಿಗೆ ಕಟ್ಟಿಹಾಕಿದ ವರ್ಜೀನಿಯಾದ 1662ರ ಕಾನೂನು, ಇವು ಯಾವುವೂ ಇಲ್ಲ. ಕಾರಣ ಸರಳ: ಇದು ಕೇಂದ್ರ ಸರ್ಕಾರದ ಭಂಡಾರ, ಆಗ ಕೇಂದ್ರ ಸರ್ಕಾರವೇ ಇರಲಿಲ್ಲ. ಕಾರಣ ಸರಿಯಿದ್ದರೂ ಗುಲಾಮಗಿರಿ ಕಾನೂನಿನಲ್ಲಿ ಹೇಗೆ ಬೇರೂರಿತು ಎಂಬ ಕಥೆ ಇಲ್ಲಿ ನಡುವಿನಿಂದ ಶುರುವಾಗುತ್ತದೆ.

ಇದಕ್ಕೆ ಯೇಲ್ ಕಾನೂನು ಶಾಲೆಯ ‘ಅವಲಾನ್ ಪ್ರಾಜೆಕ್ಟ್’ ಒಳ್ಳೆಯ ಜೊತೆ. ಚಿತ್ರಗಳಿಲ್ಲ, ಬರೀ ಪಠ್ಯ, ಅದೂ ಉಚಿತ. ಎಲ್ಲಿಂದ ಶುರು ಮಾಡುವುದು ಎಂದು ತಿಳಿಯದಿದ್ದರೆ ಸ್ವಾತಂತ್ರ್ಯ ಘೋಷಣೆಯನ್ನೇ ಪರಿವಿಡಿಯಂತೆ ಬಳಸಿ. ಅದರ ನಡುಭಾಗದಲ್ಲಿ ದೊರೆಯ ಮೇಲೆ 27 ದೂರುಗಳಿವೆ. ಹಲವಕ್ಕೆ ಹಿಂದೆ ಒಂದೊಂದು ಕಾನೂನಿದೆ. ‘ನಮ್ಮ ಒಪ್ಪಿಗೆಯಿಲ್ಲದೆ ತೆರಿಗೆ’ ಎಂಬಲ್ಲಿ 1765ರ ಸ್ಟ್ಯಾಂಪ್ ಕಾಯ್ದೆ ಮತ್ತು ಆಮೇಲಿನ ತೆರಿಗೆಗಳು. ‘ಜಗತ್ತಿನೊಡನೆ ನಮ್ಮ ವ್ಯಾಪಾರ ಕಡಿದದ್ದು’ ಎಂಬಲ್ಲಿ, 1773ರ ಡಿಸೆಂಬರ್ 16ರಂದು 342 ಪೆಟ್ಟಿಗೆ ಚಹಾ ಸಮುದ್ರಕ್ಕೆ ಬಿದ್ದ ಮೇಲೆ ಬಂದರು ಮುಚ್ಚಿಸಿದ 1774ರ ಬಾಸ್ಟನ್ ಬಂದರು ಕಾಯ್ದೆಯ ನೆನಪಿದೆ. ‘ನಮ್ಮ ಸನ್ನದುಗಳನ್ನು ಕಿತ್ತದ್ದು’ ಎಂಬಲ್ಲಿ ಮ್ಯಾಸಚೂಸೆಟ್ಸ್ ಆಡಳಿತ ಕಾಯ್ದೆ. ‘ನೆರೆಯ ಪ್ರಾಂತ್ಯದಲ್ಲಿ ಇಂಗ್ಲಿಷ್ ಕಾನೂನು ತೆಗೆದದ್ದು’ ಎಂಬಲ್ಲಿ ಕ್ವಿಬೆಕ್ ಕಾಯ್ದೆ. ದೂರು ಒಂದು ಕಡೆ, ಕಾನೂನು ಒಂದು ಕಡೆ ಇಟ್ಟು ಓದಿದರೆ ದೂರಿನಲ್ಲಿ ಎಷ್ಟು ನಿಜ, ಎಷ್ಟು ಉಬ್ಬಿಸಿದ್ದು ಎಂದೂ ಅಳೆಯಬಹುದು.

ವಸಾಹತು ಕಾಲದ ತಾರೀಖುಗಳಲ್ಲಿ ಒಂದು ಬಲೆ ಇದೆ. 1752ರವರೆಗೆ ಬ್ರಿಟನ್ ಮತ್ತು ಅದರ ವಸಾಹತುಗಳು ಹಳೆಯ ಜೂಲಿಯನ್ ಕ್ಯಾಲೆಂಡರ್ ಬಳಸುತ್ತಿದ್ದವು, ಹೊಸ ವರ್ಷ ಮಾರ್ಚ್ 25ಕ್ಕೆ ಹುಟ್ಟುತ್ತಿತ್ತು. ಹಾಗಾಗಿ ಜನವರಿಯಿಂದ ಮಾರ್ಚ್ 24ರವರೆಗಿನ ದಾಖಲೆಗಳಲ್ಲಿ ಕಾಣುವ ವರ್ಷ ನಮ್ಮ ಲೆಕ್ಕಕ್ಕಿಂತ ಒಂದು ಹಿಂದೆ. ದಿನದಲ್ಲೂ 17ನೆಯ ಶತಮಾನದಲ್ಲಿ 10, 18ರಲ್ಲಿ 11ರ ಅಂತರ. ವಾಷಿಂಗ್ಟನ್ ಹುಟ್ಟಿದ್ದು ಆಗಿನ ಲೆಕ್ಕದಲ್ಲಿ 1731ರ ಫೆಬ್ರುವರಿ 11, ಈಗಿನ ಲೆಕ್ಕದಲ್ಲಿ 1732ರ ಫೆಬ್ರುವರಿ 22.

ಜೊತೆಗೆ ಬಳಸಬೇಕಾದ ಇನ್ನೆರಡು ಉಚಿತ ಸೇವೆಗಳಿವೆ. ‘ಫೌಂಡರ್ಸ್ ಆನ್‌ಲೈನ್’ನಲ್ಲಿ ವಾಷಿಂಗ್ಟನ್, ಜೆಫರ್ಸನ್, ಆಡಮ್ಸ್, ಫ್ರ್ಯಾಂಕ್ಲಿನ್, ಹ್ಯಾಮಿಲ್ಟನ್, ಮ್ಯಾಡಿಸನ್, ಜೇ ಇವರ 1,80,000ಕ್ಕೂ ಹೆಚ್ಚು ಪತ್ರ-ದಾಖಲೆಗಳಿವೆ. ಹೆಂಗಸರನ್ನು ಮರೆಯಬೇಡಿ ಎಂದು ಅಬಿಗೈಲ್ ಆಡಮ್ಸ್ ಗಂಡನಿಗೆ 1776ರ ಮಾರ್ಚ್ 31ರಂದು ಬರೆದ ಪತ್ರ ಪೂರ್ತಿಯಾಗಿ ಸಿಗುತ್ತದೆ. 19ನೆಯ ತಿದ್ದುಪಡಿಯ ಪುಟಕ್ಕೆ ಹೋಗುವ ಮುನ್ನ ಓದಬೇಕಾದದ್ದು. ಕಾಗುಣಿತ ಮೂಲದಂತೆಯೇ ಇರುವುದರಿಂದ ಇಂದಿನ ಕಾಗುಣಿತ ಹಾಕಿ ಹುಡುಕಿದರೆ ಕೆಲವು ಪತ್ರ ತಪ್ಪಿಹೋಗುತ್ತವೆ. ಹೆಸರು ಮತ್ತು ತಾರೀಖಿನಿಂದ ಸೋಸುವುದು ಉತ್ತಮ. ಲೈಬ್ರರಿ ಆಫ್ ಕಾಂಗ್ರೆಸ್‌ನ ‘ಕ್ರಾನಿಕ್ಲಿಂಗ್ ಅಮೆರಿಕ’ದಲ್ಲಿ ಹಳೆಯ ಪತ್ರಿಕೆಗಳ 2 ಕೋಟಿಗೂ ಹೆಚ್ಚು ಪುಟಗಳಿವೆ. ಅಲ್ಲಿಯ ಪಠ್ಯ ಯಂತ್ರ ಓದಿದ್ದು, ಮನುಷ್ಯರು ಟೈಪ್ ಮಾಡಿದ್ದಲ್ಲ. 18ನೆಯ ಶತಮಾನದ ಅಚ್ಚಿನಲ್ಲಿ ‘ಎಸ್’ ಅಕ್ಷರಕ್ಕೆ ಉದ್ದನೆಯ ರೂಪವೊಂದಿತ್ತು. ಯಂತ್ರ ಅದನ್ನು ‘ಎಫ್’ ಎಂದು ಓದುತ್ತದೆ. ಹುಡುಕಿದ್ದು ಸಿಗದಿದ್ದರೆ ‘ಎಸ್’ ಇರುವಲ್ಲಿ ‘ಎಫ್’ ಹಾಕಿ ಮತ್ತೊಮ್ಮೆ ಹುಡುಕಿ, ಸಿಕ್ಕಿದ್ದನ್ನು ಚಿತ್ರದ ಜೊತೆ ಹೋಲಿಸದೆ ಉದ್ಧರಿಸಬೇಡಿ.

ಮೈಲ್‌ಸ್ಟೋನ್ ಪಟ್ಟಿಯ 20ನೆಯ ಶತಮಾನದ ಭಾಗ ಓದಲು ಸುಲಭ, ಟೈಪ್ ಮಾಡಿದ ಹಾಳೆಗಳೇ ಹೆಚ್ಚು. ಅದರಲ್ಲಿ ಎರಡು ಚಿತ್ರಗಳನ್ನು ತಪ್ಪಿಸಬೇಡಿ. ಒಂದು, 1917ರ ಝಿಮ್ಮರ್‌ಮನ್ ತಂತಿ: ಪುಟದ ತುಂಬ ಬರೀ ಸಂಖ್ಯೆಗಳು. ಬಿಡಿಸಿದರೆ, ಯುದ್ಧಕ್ಕೆ ಸೇರಿದರೆ ಟೆಕ್ಸಸ್, ನ್ಯೂ ಮೆಕ್ಸಿಕೊ, ಅರಿಝೋನಾ ಮರಳಿ ಪಡೆಯಲು ನೆರವಾಗುತ್ತೇವೆ ಎಂದು ಜರ್ಮನಿ ಮೆಕ್ಸಿಕೊಗೆ ಒಡ್ಡಿದ ಆಮಿಷ. ಇನ್ನೊಂದು, 1941ರ ಡಿಸೆಂಬರ್ 8ರ ಯುದ್ಧ ಭಾಷಣಕ್ಕೆ ರೂಸ್‌ವೆಲ್ಟ್ ಬರೆಸಿದ ಕರಡು. ಮೊದಲ ವಾಕ್ಯದಲ್ಲಿ ‘ವಿಶ್ವ ಚರಿತ್ರೆಯಲ್ಲಿ ಉಳಿಯುವ ದಿನ’ ಎಂದು ಟೈಪಾಗಿತ್ತು. ಅವರೇ ಹೊಡೆದುಹಾಕಿ ‘ಕಳಂಕದಲ್ಲಿ ಉಳಿಯುವ ದಿನ’ ಎಂದು ಕೈಯಲ್ಲಿ ತಿದ್ದಿದರು. ಜಗತ್ತಿಗೆ ನೆನಪಿರುವುದು ಆ ತಿದ್ದುಪಡಿ.

ಪೀಠಿಕೆಗಳ ಬಗ್ಗೆ ಒಂದು ಮಾತು. ಸ್ಪಷ್ಟವಾಗಿವೆ, ತಪ್ಪುಗಳಿಲ್ಲದೆ ಬರೆದಿದ್ದಾರೆ, ಆದರೆ ಕಾಗದ ಹೊರಬಿದ್ದಲ್ಲಿಗೆ ಬೇಗ ನಿಂತುಬಿಡುತ್ತವೆ. ಕಾಗದದ ನಂತರ ಏನಾಯಿತು ಎಂಬುದನ್ನು ಓದುಗರೇ ಮುಂದಿನ ಪುಟಗಳಿಂದ ಜೋಡಿಸಿಕೊಳ್ಳಬೇಕು. ಸುಪ್ರೀಂ ಕೋರ್ಟಿನ 1954ರ ಮೇ 17ರ ಬ್ರೌನ್ ತೀರ್ಪು ಶಾಲೆಗಳಲ್ಲಿ ಬಣ್ಣಭೇದ ಸಂವಿಧಾನಕ್ಕೆ ವಿರುದ್ಧ ಎಂದಿತು, ಯಾವಾಗ ಹೇಗೆ ನಿಲ್ಲಿಸಬೇಕೆಂದು ಹೇಳಲಿಲ್ಲ. ಮರುವರ್ಷದ ಎರಡನೆಯ ತೀರ್ಪು ಗಡುವು ಕೊಡದೆ ‘ವಿವೇಚನೆಯ ವೇಗದಲ್ಲಿ’ ಮಾಡಿ ಎಂದು ಬಿಟ್ಟಿತು. ಆ ಸಡಿಲಿನ ಫಲ 1957ರ 10730ನೆಯ ಆದೇಶದ ಪುಟದಲ್ಲಿದೆ: ಲಿಟಲ್ ರಾಕ್‌ನ ಹೈಸ್ಕೂಲಿಗೆ ಒಂಬತ್ತು ಕಪ್ಪು ವಿದ್ಯಾರ್ಥಿಗಳನ್ನು ಒಳಗೆ ಬಿಡಿಸಲು ಅಧ್ಯಕ್ಷ ಐಸೆನ್‌ಹೋವರ್ 101ನೆಯ ವಾಯುಗಾಮಿ ದಳದ ಸೈನಿಕರನ್ನು ಕಳಿಸಬೇಕಾಯಿತು.

2002ರ ಪಟ್ಟಿಯ ಕೊನೆಯ ದಾಖಲೆ 1965ರ ಆಗಸ್ಟ್ 6ರ ಮತದಾನ ಹಕ್ಕುಗಳ ಕಾಯ್ದೆ. ಓದುವಾಗ ನಾಲ್ಕನೆಯ ಮತ್ತು ಐದನೆಯ ಸೆಕ್ಷನ್‌ಗಳನ್ನು ಗುರುತು ಹಾಕಿಕೊಳ್ಳಿ. ಮತದಾನದ ನಿಯಮ ಬದಲಿಸುವ ಮುನ್ನ ಕೆಲವು ಪ್ರದೇಶಗಳು ಕೇಂದ್ರದ ಅನುಮತಿ ಪಡೆಯಬೇಕು ಎನ್ನುವುದು ಐದನೆಯದು; ಯಾವ ಪ್ರದೇಶಗಳು ಎಂದು ಗುರುತಿಸುವ ಸೂತ್ರ ನಾಲ್ಕನೆಯದು. 2013ರಲ್ಲಿ ಸುಪ್ರೀಂ ಕೋರ್ಟ್ ನಾಲ್ಕನೆಯದರ ಆ ಸೂತ್ರವನ್ನು ರದ್ದು ಮಾಡಿತು. ಐದನೆಯದನ್ನು ಮುಟ್ಟಲಿಲ್ಲ, ಆದರೆ ಸೂತ್ರವಿಲ್ಲದೆ ಅದು ಯಾರಿಗೂ ಅನ್ವಯಿಸದಾಯಿತು. ಹಾಳೆಯ ಚಿತ್ರದಲ್ಲಿ ಎರಡೂ ಸೆಕ್ಷನ್ ಈಗಲೂ ಹಾಗೇ ಇವೆ.